ನಿದ್ದೆ ಔಷಧಿ ಕುಡಿದ ಕಾಂಕ್ರೀಟು

ಕಾಂಕ್ರೀಟಿಗೆ ಔಷಧಿ ಹಾಕುವುದೇ ಕಸುಬಾದವನಿಗೆ ಇಂಥವು ನಡೆಯುತ್ತಲೇ ಇರುತ್ತವೆ. ಹೇಳಿದರೆ ಮಾತ್ರ ಯಾರೂ ನಂಬುವುದಿಲ್ಲ. ಜಿಗಣಿಯ ಆಚೆ, ಕಾಂಕ್ರೀಟು ಕಲಸಿ ಲಾರಿಯಲ್ಲಿ ಕಳಿಸುವ ಒಂದು ರೆಡಿಮಿಕ್ಸ್ ಪ್ಲಾಂಟಿನಲ್ಲಿ ನಾನು ಲ್ಯಾಬ್ ಇಂಜಿನಿಯರ್ ಆಗಿದ್ದೆ. ಸಿಮೆಂಟು, ಜಲ್ಲಿ, ಮರಳು, ನೀರು ಬೇರೆಯವರ ಪಾಲು. ಅದಕ್ಕೆ ಸೇರಿಸುವ ಕಂದು ದ್ರವಗಳು ನನ್ನ ಪಾಲು. ಒಂದು ಹಾಕಿದರೆ ಕಾಂಕ್ರೀಟು ತಡವಾಗಿ ಗಟ್ಟಿಯಾಗುತ್ತದೆ, ಇನ್ನೊಂದು ಹಾಕಿದರೆ ಬೇಗ, ಮತ್ತೊಂದು ಹಾಕಿದರೆ ನೀರು ಒಳಗಿಳಿಯುವುದಿಲ್ಲ. ಪ್ಲಾಂಟಿನಲ್ಲಿ ಎಲ್ಲರೂ ಅವನ್ನು ಔಷಧಿ ಎಂದೇ ಕರೆಯುತ್ತಿದ್ದರು. ಲಾರಿಯ ಮೇಲೆ ಮೆಲ್ಲಗೆ ತಿರುಗುವ ಡ್ರಮ್ಮನ್ನು ನೋಡುತ್ತಾ ನಿಂತರೆ ನನಗೆ ಊಟವೂ ನೆನಪಾಗುತ್ತಿರಲಿಲ್ಲ. "ಏನ್ರೀ, ಔಷಧಿ ಅದಕ್ಕೆ ಹಾಕಿದ್ರಾ, ನೀವೇ ಕುಡಿದ್ರಾ?" ಎಂದು ಮ್ಯಾನೇಜರ್ ಕೇಳಿದ್ದೂ ಉಂಟು.

ಅಂಥ ಮ್ಯಾನೇಜರ್ ಒಂದು ಬೇಸಿಗೆಯಲ್ಲಿ ಬೆಳ್ಳಂದೂರು ಕೆರೆಯ ಕಡೆಯ ಒಂದು ಮನೆಯ ತಾರಸಿಯನ್ನು ಪೂರ್ತಿ ನನಗೇ ಒಪ್ಪಿಸಿದರು. "ಇದು ಬಿರುಕು ಬಿಟ್ಟು ಸೋರಿದ್ರೆ ಲ್ಯಾಬ್ ಮರೆತುಬಿಡಿ, ಮರಳು ಜರಡಿ ಹಿಡೀಬೇಕಾಗುತ್ತೆ" ಎಂದರು. ಈ ಪ್ರಸಂಗಗಳೆಲ್ಲ ಆ ಒಂದೇ ತಾರಸಿಯವು.

೧. ಒಳಗೆ ಮಲಗಿದೆ

ದಾರಿಯಲ್ಲೇ ಕಲ್ಲಾಗದಿರಲೆಂದು ತಡ ಮಾಡುವ ಔಷಧಿ ಹಾಕಿ, ಡ್ರೈವರ್‌ಗೆ ಅದನ್ನು ನಿದ್ದೆ ಔಷಧಿ ಎಂದು ವಿವರಿಸಿದ್ದೆ. ಬೊಮ್ಮಸಂದ್ರ ದಾಟಿ ಹೇಗೋ ರಿಂಗ್ ರೋಡ್ ಸೇರಿದೆವು. ಟೆಕ್ ಪಾರ್ಕುಗಳ ಮುಂದೆ ಟ್ರಾಫಿಕ್ ಎಲ್ಲ ನಿಂತೇಬಿಟ್ಟಿತು. ಕಾನ್‌ಸ್ಟೇಬಲ್ ಬಂದು, "ಎಂಜಿನ್ ಆಫ್ ಮಾಡಯ್ಯ, ಹೊಗೆ ಕುಡಿದು ಸಾಯ್ತಿದೀನಿ" ಎಂದರು.

"ಆಗಲ್ಲ ಸಾರ್" ಎಂದ ನಮ್ಮ ಡ್ರೈವರ್. "ಒಳಗೆ ಕಾಂಕ್ರೀಟು ಮಲಗೈತೆ. ತೂಗೋದು ನಿಲ್ಸಿದ್ರೆ ಎದ್ದು ಗಟ್ಟಿಯಾಗ್ಬಿಡ್ತದೆ."

ಕಾನ್‌ಸ್ಟೇಬಲ್ ಬೈಯುತ್ತಾರೆಂದು ನಾನು ಕಾದೆ. ಅವರು ಡ್ರಮ್ಮನ್ನು ನೋಡಿದರು. ಅದು ತಿರುಗಿತು, ಮತ್ತೆ ತಿರುಗಿತು. ಬೆಳಗಿನಿಂದ ಬಿಸಿಲಲ್ಲಿ ಬೆಂದಿದ್ದ ಅವರ ಮುಖ ಮೆಲ್ಲಗೆ ಸಡಿಲವಾಯಿತು. ಅಷ್ಟರಲ್ಲಿ ಹಿಂದಿನ ಕ್ಯಾಬು ಪೀಂ ಎಂದಿತು. ಅವರು ಲಾಠಿ ಎತ್ತಿಕೊಂಡು ಓಡಿದರು. "ಲೇ, ಹಾರ್ನ್ ಹೊಡೀಬೇಡ್ವೋ! ಮಲಗಿರೋದು ಕಾಣಲ್ವಾ?"

೨. ಸಿಹಿ ಒಗ್ಗುವುದಿಲ್ಲ

ಮನೆಯವರು ಆ ಊರಿನ ಹಳೆಯ ಒಕ್ಕಲು. ಹೊಲಗಳೆಲ್ಲ ಗಾಜಿನ ಕಟ್ಟಡಗಳಾಗಿದ್ದವು, ಯಜಮಾನರು ಈಗ ಬಾಡಿಗೆ ಮನೆಗಳನ್ನು ಬೆಳೆಯುತ್ತಿದ್ದರು. ಕಾಂಕ್ರೀಟು ಸುರಿಯುವ ಮುಂಚೆ ಪೂಜೆಯಾಯಿತು. ಯಜಮಾನರ ತಾಯಿ, ನಾವೆಲ್ಲ ಅಜ್ಜಿ ಎನ್ನುತ್ತಿದ್ದವರು, ತಪ್ಪಲೆ ತುಂಬ ಬೆಲ್ಲದ ಪಾಯಸ ತಂದು ಮೊದಲ ರಾಶಿಯ ಮೇಲೆ ಬಗ್ಗಿಸಲು ಹೊರಟರು. ಹಿಂದೆ ಮೊದಲ ಉಳುಮೆಯ ಸಾಲಿಗೆ ಹಾಗೆ ಹಾಕುತ್ತಿದ್ದರಂತೆ.

ನನ್ನ ಜೀವ ಬಾಯಿಗೆ ಬಂತು. "ಅಜ್ಜೀ, ಬೇಡ! ಸಕ್ಕರೆ, ಬೆಲ್ಲ ಬಿದ್ರೆ ಕಾಂಕ್ರೀಟು ಗಟ್ಟಿಯಾಗೋದನ್ನೇ ಮರೆತುಬಿಡುತ್ತೆ. ಅದಕ್ಕೆ ಸಿಹಿ ಆಗಲ್ಲ."

ಅಜ್ಜಿ ತಪ್ಪಲೆ ಹಿಂದಕ್ಕೆಳೆದುಕೊಂಡು ಆ ಬೂದು ರಾಶಿಯನ್ನು ಕನಿಕರದಿಂದ ನೋಡಿದರು. "ಅಯ್ಯೋ ಪಾಪ, ಉಟ್ಟಿದ್ ದಿನಾನೇ ಸಕ್ಕರೆ ಕಾಯ್ಲೇನಾ?"

ಪಾಯಸ ವ್ಯರ್ಥವಾಗಬಾರದಲ್ಲ, ಕೆಲಸ ಮುಗಿಸಿ ನಾವೇ ತಿಂದೆವು. ಸಂಜೆ, ನಾನು ಹೇಳಿದ್ದ ಹೊತ್ತಿಗೆ ಸರಿಯಾಗಿ ತಾರಸಿ ಬಿಗಿಯಿತು. ಹುಣಸೆ ಮರದ ನೆರಳಲ್ಲಿ ಸಾಲಾಗಿ ಮಲಗಿದ್ದ ನಮ್ಮನ್ನು ಎಬ್ಬಿಸಲು ಮಾತ್ರ ಯಾರಿಂದಲೂ ಆಗಲಿಲ್ಲ.

೩. ಔಷಧಿ ಮೇಲೆ ನೀರು

ಮರುದಿನ ತಾರಸಿಯ ಮೇಲೆ ಮಣ್ಣಿನ ಬದು ಕಟ್ಟಿ, ಗದ್ದೆಯಂತೆ ಮಡಿ ಮಾಡಿ, ನೀರು ನಿಲ್ಲಿಸಿದೆವು. ಆ ನೀರಿನಲ್ಲಿ ಮೋಡ ತೇಲುತ್ತಿತ್ತು, ಎದುರಿನ ಟೆಕ್ ಪಾರ್ಕು ತಲೆಕೆಳಗಾಗಿ ಅಲುಗಾಡುತ್ತಿತ್ತು. ದಿನಾ ಹೋಗಿ ನೋಡುವ ಅಗತ್ಯವಿರಲಿಲ್ಲ, ನಾನು ದಿನಾ ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಆ ತಾರಸಿಯ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು.

ಯಜಮಾನರಿಗೆ ಅವಸರ. "ನೀರು ತೆಗೀರಿ, ಒಂದು ಮೂಲೇಲಿ ರೂಮಿಗೆ ಇಟ್ಟಿಗೆ ಏರಿಸ್ಬೇಕು. ಜೂನ್‌ಗೆ ಪಿ.ಜಿ. ಬಾಡಿಗೆ ಶುರು ಆಗ್ಲೇಬೇಕು."

"ಈ ಬಿಸಿಲಿಗೆ ಈಗಲೇ ಒಣಗಿದ್ರೆ ಬಿರುಕು ಬಿಡುತ್ತೆ ಸಾರ್. ಆಮೇಲೆ ಪ್ರತಿ ಮಳೆಗೂ ಸೋರುತ್ತೆ."

"ಅಷ್ಟೊಂದು ಔಷಧಿ ಹಾಕಿದ್ದೀರಲ್ರೀ!"

"ಔಷಧಿ ಹಾಕಿದ್ರೂ ನೀರು ಬೇಕು ಸಾರ್."

"ಮತ್ತೆ ಪಥ್ಯಾನೂ ಇದ್ಯಾ ಇದಕ್ಕೆ?" ಎಂದವರೇ, ಬೆಳಗ್ಗೆ ಬದು ಒಡೆಯಲು ಆಳುಗಳಿಗೆ ಹೇಳಿ ಹೊರಟುಹೋದರು. ನನಗೆ ಮರಳಿನ ಜರಡಿ ಕಣ್ಣಿಗೆ ಕಟ್ಟಿತು.

೪. ಬದುವಿನ ಮೇಲೆ

ಬೆಳಗ್ಗೆ ಹೋದರೆ ಆಳುಗಳು ಗುದ್ದಲಿ ಹಿಡಿದು ಮೆಟ್ಟಿಲಲ್ಲೇ ನಿಂತಿದ್ದರು. ಮೇಲಿನ ಮೆಟ್ಟಿಲಲ್ಲಿ ಅಜ್ಜಿ ದಾರಿಗೆ ಅಡ್ಡವಾಗಿ ಕೂತಿದ್ದರು, ಪಕ್ಕದಲ್ಲಿ ಯಜಮಾನರು ತಲೆ ಕೆರೆದುಕೊಳ್ಳುತ್ತಿದ್ದರು. ನಾನು ಇಣುಕಿ ನೋಡಿದೆ. ಬದುಗಳ ಉದ್ದಕ್ಕೂ ಎಳೆ ಹಸಿರು ಎದ್ದಿತ್ತು. ಬದುವಿಗೆ ಮಣ್ಣು ತಂದದ್ದು ಹಿತ್ತಲಿನಲ್ಲಿ ಹಿಂದೆ ಕಣವಿದ್ದ ಜಾಗದಿಂದ. ಅದರಲ್ಲಿ ಉಳಿದಿದ್ದ ರಾಗಿ ಮೊಳೆತಿತ್ತು.

"ಅವ್ವಾ, ಇದು ತಾರಸಿ" ಎಂದರು ಯಜಮಾನರು.

"ಗೊತ್ತು ಕಣಪ್ಪ. ನೀನು ಒಲ ಕೊಟ್ಮೇಲೆ ನಮ್ಮ ರಾಗಿ ಪೈರು ನಾನು ಕಂಡೇ ಇಲ್ಲ. ತಾನಾಗೇ ಉಡಿಕ್ಕೊಂಡು ಮೇಲ್ ಅತ್ಕೊಂಡ್ ಬಂದೈತೆ. ನೀರು ತೆಗ್ದು ಒಣಗಿಸ್ತೀಯಾ? ತೆಗಿ ನೋಡೋಣ."

ಯಜಮಾನರು ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು ನೀರಿಗಿಳಿದರು. ಬಗ್ಗಿ ಒಂದು ಪೈರನ್ನು ಬೆರಳಲ್ಲಿ ಮುಟ್ಟಿದರು. ಕಾಲ ಬಳಿ ಮೋಡಗಳು ಓಡುತ್ತಿದ್ದವು. ಆಮೇಲೆ ಪೈಪು ಕೈಗೆತ್ತಿಕೊಂಡು ತಾವೇ ಮಡಿಗೆ ನೀರು ಹಾಯಿಸತೊಡಗಿದರು.

ಆಗ ಅವರ ಮೊಬೈಲ್ ಬಡಿದುಕೊಂಡಿತು. ಮೇಸ್ತ್ರಿಯ ದನಿ ನಮಗೂ ಕೇಳಿಸುವಷ್ಟು ಜೋರಾಗಿತ್ತು. "ಅಣ್ಣಾ, ಇಟ್ಟಿಗೆ ಲೋಡ್ ಬಂದು ಗೇಟ್ ಅತ್ರ ನಿಂತೈತೆ. ಮೇಲಕ್ಕೆ ಯಾವಾಗ ಏರಿಸ್ಲಿ?"

ಯಜಮಾನರು ತಾಯಿಯ ಮುಖ ನೋಡಿದರು, ಪೈರು ನೋಡಿದರು, ಎದುರಿನ ಟೆಕ್ ಪಾರ್ಕು ನೋಡಿದರು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದರು.

"ಕುಯ್ಲಾದ್ಮೇಲೆ."