ಹಂಡೆ ಒಲೆಗೆ ಬಿದ್ದ ಪ್ರಶ್ನೆಪುಸ್ತಕ

ಕ್ವಿಜ್ ಮಾಸ್ಟರ್ ಆಗುವುದರಲ್ಲಿ ಒಂದು ದೊಡ್ಡ ಸುಖವಿದೆ. ಪ್ರಶ್ನೆ ಕೇಳುವವನಿಗೆ ಯಾರೂ ತಿರುಗಿ ಪ್ರಶ್ನೆ ಹಾಕುವಂತಿಲ್ಲ. ಉತ್ತರ ಕೈಯಲ್ಲಿರುವ ಪುಸ್ತಕದಲ್ಲೇ ಇರುತ್ತದೆ. ಎದುರಿಗಿದ್ದವರು ತಲೆ ಕೆರೆದುಕೊಳ್ಳುವಾಗ ಕನ್ನಡಕದ ಮೇಲಿಂದ ಅವರನ್ನು ನೋಡುತ್ತಾ ಸಣ್ಣಗೆ ನಗಬಹುದು. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಸಿವಿಲ್ ಪಾಠ ಹೇಳಿ ನಿವೃತ್ತನಾದ ನನಗೆ ಈ ಸುಖ ಸಿಗುವ ಜಾಗ ಒಂದೇ ಉಳಿದಿದೆ. ಜೆ.ಪಿ. ನಗರದ ನಮ್ಮ ಬೀದಿಯ ನಿವಾಸಿಗಳ ಸಂಘದವರು ಪ್ರತಿ ವರ್ಷ ಪಾರ್ಕಿನಲ್ಲಿ ನಡೆಸುವ ರಾಜ್ಯೋತ್ಸವದ ಕ್ವಿಜ್. ಮನೆಯಲ್ಲಿ ಪ್ರಶ್ನೆ ಕೇಳುವ ಅಧಿಕಾರ ನನ್ನ ಹೆಂಡತಿ ಸುಮಿತ್ರಳದು. "ಗ್ಯಾಸ್ ಆಫ್ ಮಾಡಿದ್ರಾ?", "ಸಂಪಿನ ಮುಚ್ಚಳ ಹಾಕಿದ್ರಾ?" ಎಂಬ ಅವಳ ಪ್ರಶ್ನೆಗಳಲ್ಲಿ ನಾನು ಇವತ್ತಿನವರೆಗೂ ಪಾಸಾಗಿಲ್ಲ.

ಸುಮಿತ್ರಳ ಬಗ್ಗೆ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಅವಳು ಗಂಡನ ಹೆಸರು ಹೇಳುವುದಿಲ್ಲ. ಅವಳ ಅಜ್ಜಿ ಹೇಳುತ್ತಿರಲಿಲ್ಲ, ಅಮ್ಮ ಹೇಳುತ್ತಿರಲಿಲ್ಲ, ಇವಳೂ ಹೇಳುವುದಿಲ್ಲ. ಮದುವೆಯಲ್ಲಿ ಹೊಸಿಲ ಮೇಲೆ ನಿಲ್ಲಿಸಿ ಹೆಸರು ಹೇಳಿಸುವ ಶಾಸ್ತ್ರದಲ್ಲೂ ತುಟಿ ಅಲ್ಲಾಡಿತೇ ಹೊರತು ನನಗೇನೂ ಕೇಳಿಸಲಿಲ್ಲ. ಒಮ್ಮೆ ನನಗೆ ಜ್ವರ ಬಂದಾಗ ಕ್ಲಿನಿಕ್ಕಿನ ಹುಡುಗಿ "ಪೇಷೆಂಟ್ ಹೆಸರೇನು ಮೇಡಂ?" ಎಂದರೆ, ಇವಳು ವ್ಯಾನಿಟಿ ಬ್ಯಾಗಿನಿಂದ ನನ್ನ ಆಧಾರ್ ಕಾರ್ಡ್ ತೆಗೆದು ತೋರಿಸಿದಳು. ಬೀದಿಯವರಿಗೆ ನಾನು ಮೇಷ್ಟ್ರು, ಅವಳಿಗೆ "ರೀ". ಮೂವತ್ತೆಂಟು ವರ್ಷವಾಯಿತು. ಒಂದೇ ಒಂದು ಸಲ ಅವಳ ಬಾಯಿಂದ ನನ್ನ ಹೆಸರು ಕೇಳಬೇಕೆಂಬ ಆಸೆ ನನಗಿತ್ತು. ಅದನ್ನು ಅವಳ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಕ್ವಿಜ್ಜಿನ ವಿಷಯಗಳನ್ನು ನಮ್ಮಲ್ಲಿ ಚೀಟಿ ಎತ್ತಿ ಆರಿಸುತ್ತಾರೆ. ಪ್ರತಿ ಮನೆಯವರೂ ತಮಗಿಷ್ಟವಾದ ಒಂದು ವಿಷಯ ಬರೆದು ಸ್ಟೀಲ್ ಡಬ್ಬಿಗೆ ಹಾಕಬೇಕು. ನಾನು ಐದು ಚೀಟಿ ಹಾಕಿದ್ದೆ, ಐದರಲ್ಲೂ "ಮರದ ಚೌಕಟ್ಟಿನ ಮನೆ ಕಟ್ಟುವ ವಿಧಾನ" ಎಂದೇ ಬರೆದಿದ್ದೆ. ಬೆಂಗಳೂರಿನಲ್ಲಿ ಯಾರೂ ಕಟ್ಟದ, ನಾನೂ ಕಣ್ಣಾರೆ ಕಾಣದ ಆ ಮನೆಯ ಪಾಠವನ್ನು ಮೂವತ್ತು ವರ್ಷ ಮಾಡಿದ್ದೇನೆ. ಯಾವ ವಿದ್ಯಾರ್ಥಿಯೂ ಅದರಲ್ಲಿ ಆಸಕ್ತಿ ತೋರಿಸಿರಲಿಲ್ಲ. ಈಗಲಾದರೂ ಬೀದಿಯವರು ತೋರಿಸಲಿ ಎಂದು ನನ್ನ ಲೆಕ್ಕಾಚಾರ. ಅದು ಬಂದೇ ಬಂತು. ಎರಡನೆಯ ವಿಷಯ "ಪುಸ್ತಕ ದಹನದ ಚರಿತ್ರೆ". ಅದನ್ನು ಯಾರು ಬರೆದರೋ ಗೊತ್ತಿಲ್ಲ. ಅಕ್ಷರ ಮಾತ್ರ ನಮ್ಮ ಮನೆಯ ದಿನಸಿ ಚೀಟಿಯ ಅಕ್ಷರದ ಹಾಗೇ ಇತ್ತು. ನಮ್ಮ ಮನೆಯ ಮಂಚದ ಕೆಳಗೂ ನನ್ನ ಪುಸ್ತಕಗಳಿವೆ, ಕಸ ಗುಡಿಸುವಾಗೆಲ್ಲ ಸುಮಿತ್ರ ಅವನ್ನು ಶಪಿಸುತ್ತಾಳೆ ಎಂಬುದನ್ನು ಇಲ್ಲಿ ಹೇಳಬಹುದು.

ಒಂದು ತಿಂಗಳು ಕೂತು ಎರಡು ವಿಷಯಕ್ಕೂ ಪ್ರಶ್ನೆ ಸಿದ್ಧಪಡಿಸಿದೆ. ಕೆಂಪು ಬಟ್ಟೆಯ ಬೈಂಡಿನ ದಪ್ಪ ಪುಸ್ತಕದಲ್ಲಿ ಬರೆದೆ. ಪಕ್ಕದಲ್ಲಿ ಉತ್ತರ, ಕೊನೆಯ ಪುಟದಲ್ಲಿ ನಿಯಮಗಳು. ಅರ್ಧ ಉತ್ತರಕ್ಕೆ ಅಂಕವಿಲ್ಲ. ವ್ಯಕ್ತಿಯಾದರೆ ಇನಿಷಿಯಲ್ ಸಮೇತ ಪೂರ್ತಿ ಹೆಸರು ಹೇಳಬೇಕು. ಹೋದ ವರ್ಷ ಈ ನಿಯಮದಿಂದಲೇ ಸಂಘದ ಕಾರ್ಯದರ್ಶಿ ಶ್ರೀಕಂಠಯ್ಯನವರ ತಂಡ ಸೋತಿತ್ತು, ಅವರು ಅದನ್ನು ಇನ್ನೂ ಮರೆತಿಲ್ಲ. ಮಾದರಿ ನೋಡಿ ಉತ್ತರಿಸುವ ಸುತ್ತಿಗೆಂದು ತೆಳ್ಳನೆಯ ಮರದ ಪಟ್ಟಿಗಳಿಂದ ಮೊಣಕಾಲೆತ್ತರದ ಎರಡಂತಸ್ತಿನ ಮನೆಯೊಂದನ್ನೂ ಕಟ್ಟಿದೆ. ಗೋಡೆಯಿಲ್ಲ, ಬರೀ ಅಸ್ಥಿಪಂಜರ. ತಳದಿಂದ ಸೂರಿನವರೆಗೆ ಒಂದೇ ಉದ್ದದ ನಿಲುಗಂಬಗಳು. ಅಂಥ ಮನೆಗೆ ಬೆಂಕಿ ಬಿದ್ದರೆ ಕಂಬಗಳ ನಡುವಿನ ಪೊಳ್ಳಿನಲ್ಲಿ ಸರ್ರನೆ ಮೇಲೇರುತ್ತದೆ, ಅದನ್ನು ತಡೆಯಲು ನಡುನಡುವೆ ಅಡ್ಡಪಟ್ಟಿ ಕೊಡಬೇಕು. ನಾನು ಬೇಕೆಂದೇ ಕೊಟ್ಟಿರಲಿಲ್ಲ. "ಈ ಮನೆಯಲ್ಲಿ ಏನು ತಪ್ಪಿದೆ?" ಎಂಬುದೇ ಪ್ರಶ್ನೆ. ವಾರ್ನಿಷ್ ಒಣಗಲೆಂದು ಅದನ್ನು ಹಿತ್ತಲಿನಲ್ಲಿ ಇಟ್ಟೆ.

ಅಷ್ಟರಲ್ಲಿ ದೀಪಾವಳಿ ಬಂತು. ತಾರಸಿಯ ಮೇಲೆ ಸೋಲಾರ್ ಇದೆ, ಬಚ್ಚಲಲ್ಲಿ ಗೀಸರ್ ಇದೆ. ಆದರೂ ನರಕ ಚತುರ್ದಶಿಯ ಬೆಳಿಗ್ಗೆ ಹಿತ್ತಲಲ್ಲಿ ಮೂರು ಇಟ್ಟಿಗೆ ಜೋಡಿಸಿ, ತಾಮ್ರದ ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿದು, ಸೌದೆ ಉರಿಯಲ್ಲಿ ಕಾಯಿಸಿದ ನೀರೇ ಆಗಬೇಕು ಸುಮಿತ್ರಳಿಗೆ. ಬೆಳಕು ಹರಿಯುವ ಮೊದಲೇ ನನ್ನ ನೆತ್ತಿಗೆ ಎಣ್ಣೆ ಒತ್ತಿ, ಕನ್ನಡಕ ಕಸಿದಿಟ್ಟು, ಒಲೆ ಕಾಯಲು ಕೂರಿಸಿದಳು. ಪಕ್ಕದಲ್ಲಿ ಹಳೇ ಪೇಪರು, ಲಗ್ನಪತ್ರಿಕೆಗಳ ರಾಶಿ. ಅವಳು ನಡುವೆ ಎರಡು ಸಲ ಬಂದು ಸೌದೆ ಒಳಗೆ ತಳ್ಳಿ ಹೋದದ್ದು ನನಗೆ ಚೆನ್ನಾಗಿ ನೆನಪಿದೆ.

ಸ್ನಾನ ಮುಗಿಸಿ ಕನ್ನಡಕ ಹಾಕಿಕೊಂಡು ನೋಡುತ್ತೇನೆ, ಪುಸ್ತಕವೂ ಇಲ್ಲ, ಮನೆಯೂ ಇಲ್ಲ. ಬೂದಿಯಲ್ಲಿ ಕೆಂಪು ಬೈಂಡಿನ ಒಂದು ಮೂಲೆ ಮತ್ತು ಒಂದು ಹಿಡಿ ಮೊಳೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಏನೇ ಇದು! ಪುಸ್ತಕಾನೂ ಒಲೆಗೆ ಹಾಕ್ತಾರಾ?"

"ನಾನ್ಯಾಕ್ರೀ ಹಾಕ್ಲಿ? ಪೇಪರು, ಲಗ್ನಪತ್ರಿಕೆ ಬಿಟ್ರೆ ಬೇರೇನೂ ಮುಟ್ಟಿಲ್ಲ. ಪುಸ್ತಕ ಕಾಲಿಗೆ ತಗುಲಿದ್ರೆ ಕಣ್ಣಿಗೊತ್ತಿಕೊಳ್ಳೋಳು ನಾನು."

"ಕಣ್ಣಿಗೊತ್ತಿಕೊಂಡೇ ಒಲೆಗೆ ಹಾಕಿರ್ತೀಯ ಬಿಡು."

ಅಲ್ಲಿಗೆ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಮರುದಿನ ಪಾರ್ಕಿನ ವಾಕಿಂಗಿನಲ್ಲಿ "ನಮ್ಮನೇಲಿ ಪುಸ್ತಕ ದಹನ ಆಯ್ತು ಸಾರ್" ಎಂದು ಶ್ರೀಕಂಠಯ್ಯನವರಿಗೆ ಹೇಳಿದೆ. ಅವರು ನಕ್ಕರು, ನನಗೆ ಹುರುಪು ಬಂತು, ಸಿಕ್ಕಿದವರಿಗೆಲ್ಲ ಹೇಳಿದೆ. ಸಂಜೆ ಸೊಪ್ಪಿನವಳು ಗೇಟಿನಲ್ಲಿ ನಿಂತು "ಅಕ್ಕಾ, ಸಾರ್ ಬುಕ್ಕು ನೀವೇ ಸುಟ್ಬುಟ್ರಂತೆ?" ಎಂದು ಸುಮಿತ್ರಳನ್ನೇ ಕೇಳಿದಳು. ಸುಮಿತ್ರ ಒಳಗೆ ಬಂದು ನನ್ನ ಎದುರು ನಿಂತಳು. ಅವಳ ಕಣ್ಣು ಕೆಂಪಾಗಿತ್ತು.

"ಬೀದಿಯೋರ ಮುಂದೆ ನನ್ನ ಮರ್ಯಾದೆ ತೆಗೆದ್ರಿ. ನಾನು ಸುಟ್ಟಿಲ್ಲ ಅಂತ ಅದೇ ಬೀದಿಯೋರ ಮುಂದೆ ನೀವು ಹೇಳ್ಬೇಕು. ಅಲ್ಲೀತನಕ ನನ್ನ ಹತ್ರ ಮಾತಾಡ್ಬೇಡಿ."

ಆವತ್ತಿನಿಂದ "ರೀ" ನಿಂತಿತು. ಕಾಫಿ ಬಂದರೆ ಲೋಟ ಮೇಜಿನ ಮೇಲೆ ಠಕ್ಕೆಂದು ಕೂರುತ್ತಿತ್ತು. "ಊಟ ಆಗಿದೆ" ಎಂಬ ಸುದ್ದಿಯನ್ನು ಗೋಡೆಗೆ ತಿಳಿಸಲಾಗುತ್ತಿತ್ತು. ಆ ಎರಡಕ್ಷರವಿಲ್ಲದೆ ಮನೆ ಇಷ್ಟು ಬಿಕೋ ಎನ್ನುತ್ತದೆಂದು ನನಗೆ ಗೊತ್ತಿರಲಿಲ್ಲ. ಆದರೆ ಮೇಷ್ಟ್ರ ಜಂಬ, ಸುಟ್ಟವಳನ್ನು ಸುಟ್ಟಿಲ್ಲ ಎಂದು ಹೇಗೆ ಹೇಳುವುದು? ನೆನಪಿದ್ದ ಪ್ರಶ್ನೆಗಳನ್ನು ಹೊಸ ಹಾಳೆಗಳಲ್ಲಿ ಬರೆದುಕೊಳ್ಳುತ್ತಾ ನಾಲ್ಕು ದಿನ ದೂಡಿದೆ.

ಭಾನುವಾರ ಪಾರ್ಕಿನಲ್ಲಿ ಇಡೀ ಬೀದಿ ಸೇರಿತ್ತು. ತಂಡಕ್ಕೊಂದು ಸ್ಟೀಲ್ ತಟ್ಟೆ, ಒಂದು ಚಮಚ. ಮೊದಲು ಬಾರಿಸಿದವರಿಗೆ ಅವಕಾಶ. ಮಹಿಳೆಯರ ತಂಡದಲ್ಲಿ ಸುಮಿತ್ರ, ಎದುರು ತಂಡದಲ್ಲಿ ಶ್ರೀಕಂಠಯ್ಯ. ಹಳೆಯ ಕಾಲದ ಚೀನಾದ ಚಕ್ರವರ್ತಿಯೊಬ್ಬ ಪುಸ್ತಕಗಳನ್ನು ಸುಡಿಸಿದಾಗ ಯಾವ ವಿಷಯದವನ್ನು ಉಳಿಸಿದ ಎಂದು ಕೇಳಿದೆ. ಸುಮಿತ್ರ ತಟ್ಟೆ ಬಾರಿಸಿ, ನನ್ನನ್ನು ಬಿಟ್ಟು ಮೈಕನ್ನು ನೋಡುತ್ತಾ, "ವೈದ್ಯ, ಜ್ಯೋತಿಷ್ಯ, ಬೇಸಾಯ. ಮನೆಗೆ ಬೇಕಾಗೋದನ್ನ ಉಳಿಸಿದ್ದಾನೆ" ಎಂದಳು. ಪುಸ್ತಕ ಸುಟ್ಟವಳಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ಯಾರೋ ಹಿಂದಿನಿಂದ ನಕ್ಕರು. ಅವಳು ತಲೆ ತಗ್ಗಿಸಿದಳು. ನಾನು ಗಡಿಬಿಡಿಯಲ್ಲಿ ಮುಂದಿನ ಹಾಳೆ ತಿರುವಿದೆ.

ಮರದ ಮನೆಯ ಸುತ್ತು ಬಂತು, ತೋರಿಸಲು ಮನೆಯೇ ಇಲ್ಲ. ಆಗ ಪ್ರೊಜೆಕ್ಟರ್ ನೋಡಿಕೊಳ್ಳುತ್ತಿದ್ದ ಶಿವಲೀಲಾ ಕೈಯೆತ್ತಿದಳು. ಗದಗಿನವಳು, ಬಿ.ಟಿ.ಎಂ. ಲೇಔಟಿನ ಆಫೀಸಿನಲ್ಲಿ ಕೆಲಸ, ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಳೆ.

"ಅಂಕಲ್, ನಿಮ್ಮ ಮರದ ಮನಿ ನನ್ನ ಮೊಬೈಲ್‌ನಾಗ ಐತ್ರಿ. ಹಬ್ಬದ ದಿನ ನಮ್ಮವ್ವಗ ಕಳ್ಸಾಕ ಅಂತ ಬಾಲ್ಕನಿಯಿಂದ ಹಂಡೆ ಒಲಿ ವಿಡಿಯೋ ಮಾಡಿದ್ದೆ. ಮೂಲ್ಯಾಗ ಮನಿ ಕಾಣ್ತೈತಿ. ಅಲ್ಲಿಗೇ ನಿಲ್ಲಿಸ್ಲೇನ್ರಿ?"

"ಪೂರ್ತಿ ಹಾಕಮ್ಮ, ಜನ ನೋಡ್ಲಿ" ಎಂದೆ. ಇದು ನನ್ನ ಬಾಯಿಂದಲೇ ಬಂದ ಮಾತು.

ಪರದೆಯ ಮೇಲೆ ಹಿತ್ತಲು, ಒಲೆ, ಎಣ್ಣೆ ಸುರಿಯುವ ಮುಖದಲ್ಲಿ ಕಣ್ಣು ಕಿರಿದು ಮಾಡಿ ಕೂತ ನಾನು. ಕೈಯಲ್ಲಿ ಕೆಂಪು ಪುಸ್ತಕ. ಬಾಯಿಪಾಠ ಮಾಡಲೆಂದು ಅದನ್ನು ನಾನೇ ಹಿತ್ತಲಿಗೆ ಒಯ್ದಿದ್ದೆ! ಎಣ್ಣೆ ಕೈಯೆಂದು ಪೇಪರಿನ ರಾಶಿಯ ಮೇಲೆ ಇಟ್ಟೆ. ಅಡುಗೆಮನೆಯ ಕಿಟಕಿಯತ್ತ ತಿರುಗಿ "ಪುಸ್ತಕಕ್ಕೆ ಬೆಂಕಿ ಹಾಕೋನು ಮನುಷ್ಯನೇ ಅಲ್ಲ ಕಣೇ!" ಎಂದು ಉಪನ್ಯಾಸ ಶುರುಮಾಡಿದೆ. ನಡುವೆ ಕಾಲು ಚಾಚಿದಾಗ ಪುಸ್ತಕಕ್ಕೆ ತಗುಲಿತು. ಮಾತು ನಿಲ್ಲಿಸದೆಯೇ ಅದನ್ನು ಎತ್ತಿ, ಭಕ್ತಿಯಿಂದ ಎರಡೂ ಕಣ್ಣಿಗೆ ಒತ್ತಿಕೊಂಡು, ಒಲೆಗೆ ಹಾಕಿದೆ. ಉರಿ ಸಾಲಲಿಲ್ಲವೆಂದು ಕೈಚಾಚಿ ಪುಳ್ಳೆಗೆ ತಡಕಾಡಿ ಮನೆಯನ್ನೂ ಎಳೆದು, ತಳದ ಕಡೆಯಿಂದ ಒಲೆಗೆ ತುರುಕಿದೆ. ಬೆಂಕಿ ತಳದಿಂದ ಸೂರಿಗೆ ಒಂದೇ ಉಸಿರಿಗೆ ಏರಿತು. ಪಾಠ ಮಾತ್ರ ಸರಿಯಾಗಿತ್ತು.

ಪಾರ್ಕಿನಲ್ಲಿ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಠಣ್ ಎಂದು ತಟ್ಟೆಯ ಸದ್ದಾಯಿತು. ಸುಮಿತ್ರ ಎದ್ದು ನಿಂತಿದ್ದಳು.

"ಇನ್ನೂ ಪ್ರಶ್ನೆಯೇ ಕೇಳಿಲ್ಲವಲ್ಲ" ಎಂದೆ.

"ಹಾಗಾದ್ರೆ ಕೇಳಿ."

ಬೇರೆ ದಾರಿಯಿರಲಿಲ್ಲ. "ನನ್ನ ಹೆಂಡತಿ ಪುಸ್ತಕ ಸುಟ್ಟಿಲ್ಲ, ಅವಳ ಮೇಲೆ ನಾನು ಸುಳ್ಳು ಹೊರಿಸಿದೆ" ಎಂದು ಮೊದಲು ಮೈಕಿನಲ್ಲೇ ಹೇಳಿದೆ. ಆಮೇಲೆ ಕೇಳಿದೆ: "ಹಾಗಾದರೆ ಈ ದೃಶ್ಯದಲ್ಲಿ ಪುಸ್ತಕ ಸುಡುತ್ತಿರುವ ವ್ಯಕ್ತಿ ಯಾರು?"

"ನಮ್ಮನೆಯವರು" ಎಂದಳು.

ನಾನು ಹತ್ತು ಅಂಕ ಕೊಡಲು ಬಾಯಿ ತೆರೆದಿದ್ದೆ. ಶ್ರೀಕಂಠಯ್ಯ ಕುರ್ಚಿಯಿಂದ ಎದ್ದರು. "ಆಗಲ್ಲ ಮೇಷ್ಟ್ರೇ! ನಿಯಮ ನಿಮ್ಮದೇ. ಇನಿಷಿಯಲ್ ಸಮೇತ ಪೂರ್ತಿ ಹೆಸರು ಬೇಕು."

ಸುಮಿತ್ರ ಪರದೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ನಾಲ್ಕು ದಿನದಲ್ಲಿ ಮೊದಲ ಸಲ. ಸೆರಗು ಸರಿಮಾಡಿಕೊಂಡು, ಮೈಕ್ ಹತ್ತಿರಕ್ಕೆ ಎಳೆದುಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

"ಟಿ. ವಿ. ಚಂದ್ರಶೇಖರಯ್ಯ."

ಆ ಹೆಸರು ಧ್ವನಿವರ್ಧಕದಲ್ಲಿ ಪಾರ್ಕು ದಾಟಿ, ಬೀದಿಯ ತುದಿಯವರೆಗೂ ಹೋಯಿತಂತೆ. ನನಗೆ ಕಣ್ಣು ತುಂಬಿ ಬಂತು. ಎಣ್ಣೆಯ ನೆಪ ಹೇಳಲು ಆವತ್ತು ಎಣ್ಣೆಯೂ ಇರಲಿಲ್ಲ. "ಸರಿಯಾದ ಉತ್ತರ" ಎಂದೆ. ಮಹಿಳೆಯರ ತಂಡ ಗೆದ್ದಿತು.

ಮನೆಗೆ ನಡೆಯುತ್ತಾ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ಇನ್ನೊಂದ್ಸಲ ಹೇಳೇ" ಎಂದೆ.

"ಇನ್ನೊಂದು ಪುಸ್ತಕ ಸುಡಿ ರೀ, ಹೇಳ್ತೀನಿ" ಎಂದಳು.

ಆವತ್ತಿನಿಂದ ದಿನಕ್ಕೊಂದು ಸಲ ಕಪಾಟಿನ ಮುಂದೆ ಹೋಗಿ ನಿಲ್ಲುತ್ತಿದ್ದೇನೆ. ಯಾವುದಾದರೆ ಅಷ್ಟೊಂದು ನಷ್ಟವಾಗಲಿಕ್ಕಿಲ್ಲ ಎಂದು ಹುಡುಕುತ್ತಿದ್ದೇನೆ.