ಭಾವನ ಶನಿವಾರ, ನಮ್ಮ ಆದಿತ್ಯವಾರ

ಕೆಲವರ ಮನೆಯಲ್ಲಿ ಜಾಗದ ಗಡಿಗೆ ಜಗಳ, ಕೆಲವರಲ್ಲಿ ರಾಜಕೀಯಕ್ಕೆ. ನಮ್ಮ ಮನೆಯಲ್ಲಿ ವಾರಕ್ಕೆ ಜಗಳ. ನಾನು ಬೆಳ್ತಂಗಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಟೀಚರ್. ಆದಿತ್ಯವಾರ ಬಂಟ್ವಾಳದ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಮಕ್ಕಳಿಗೆ ಧರ್ಮಶಿಕ್ಷಣ ಹೇಳಿಕೊಡ್ತೇನೆ. ಹಾಗಾಗಿ, ಕುವೈಟಿನಿಂದ ರಿಟೈರ್ ಆಗಿ ಬಂದ ನನ್ನ ಗಂಡನ ಅಣ್ಣ, ಅಂದರೆ ಭಾವ, ಮೂಡಬಿದ್ರೆಯಲ್ಲಿ ಮನೆ ಕಟ್ಟಿ, ಶನಿವಾರವೇ ನಿಜವಾದ ಸಬ್ಬತ್, ಕೆಲಸ ಬಿಟ್ಟು ದೇವರನ್ನು ನೆನೆಯುವ ದಿನ, ಎನ್ನುವ ಸಭೆಗೆ ಸೇರಿದಾಗ ಅವರ ಮೊದಲ ಗುರಿ ನಾನೇ ಆದೆ. ಆಮೇಲೆ ಒಂದು ವಾರವೂ ನೆಮ್ಮದಿಯಿಂದ ಕಳೆದದ್ದಿಲ್ಲ.

ಫರಂಗಿಪೇಟೆಯ ಅಂಗಡಿಯಲ್ಲಿ

ನಮ್ಮ ಬಾವಿಯ ಪಂಪು ಕೆಟ್ಟಿತ್ತು. ಭಾವ ಕುವೈಟಿನಲ್ಲಿ ಮೆಕ್ಯಾನಿಕ್ ಆಗಿದ್ದವರು. "ನಾನು ಸರಿ ಮಾಡಿ ಕೊಡ್ತೇನೆ, ಸಾಮಾನು ತರುವ" ಎಂದರು. ಶಾಲೆಗೆ ರಜೆಯ ಸಮಯ, ಶುಕ್ರವಾರ ಮಧ್ಯಾಹ್ನ ಇಬ್ಬರೂ ಫರಂಗಿಪೇಟೆಗೆ ಹೋದೆವು. ಹಾರ್ಡ್‌ವೇರ್ ಅಂಗಡಿಯ ಬ್ಯಾರಿ ಸಾಹುಕಾರರು ಜುಮ್ಮಾ ನಮಾಜಿಗೆ ಹೋಗಿದ್ದರು. ಕಾಯುತ್ತಾ ನಿಂತದ್ದೇ ತಪ್ಪಾಯಿತು. ಭಾವ ಅಲ್ಲೇ ಶುರು ಮಾಡಿದರು.

"ಹತ್ತು ಆಜ್ಞೆಗಳಲ್ಲಿ ಏಳನೆಯ ದಿನ ಅಂತ ಉಂಟು. ಏಳನೆಯ ದಿನ ಶನಿವಾರ. ನಿಮ್ಮ ಆದಿತ್ಯವಾರ ಎಲ್ಲಿ ಉಂಟು, ತೋರಿಸಿ ಟೀಚರೇ."

"ಕುವೈಟಿನಲ್ಲಿ ಅಷ್ಟು ವರ್ಷ ಶುಕ್ರವಾರ ಇಗರ್ಜಿಯ ಪೂಜೆಗೆ ಹೋದಿರಲ್ಲ ಭಾವ, ಅದು ಎಲ್ಲಿ ಉಂಟು?"

"ಅದು ಕಂಪೆನಿಯ ರಜೆ."

"ಹಾಗಾದ್ರೆ ಕಂಪೆನಿ ದೊಡ್ಡದಾ, ದೇವರು ದೊಡ್ಡವರಾ?"

ನಮ್ಮ ಸ್ವರ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತಿತ್ತೇನೋ. ಅಷ್ಟರಲ್ಲಿ ನಮಾಜ್ ಮುಗಿಸಿ ಬಂದ ಸಾಹುಕಾರರು ಶಟರ್ ಎತ್ತುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಟೊಪ್ಪಿ ತೆಗೆದು ಬೀಗದ ಪಕ್ಕ ಇಟ್ಟು ನಿಧಾನವಾಗಿ ಹೇಳಿದರು:

"ಶುಕ್ರವಾರ ನಮ್ಮದು, ಶನಿವಾರ ಇವರದ್ದು, ಆದಿತ್ಯವಾರ ನಿಮ್ಮದು. ಮೂವರೂ ಬಾಯಿ ಮುಚ್ಚಿ ಒಟ್ಟಿಗೆ ಹಿಡಿದುಕೊಂಡ್ರೆ ವಾರಕ್ಕೆ ಮೂರು ದಿನ ರಜೆ. ದೇವರು ಇಷ್ಟು ಒಳ್ಳೆಯ ಆಫರ್ ಕೊಟ್ಟಾಗ ಯಾಕೆ ಜಗಳ ಮಾಡಿ ಹಾಳು ಮಾಡ್ತೀರಿ ಮಾರಾಯ್ರೇ?"

ಎತ್ತು ಮತ್ತು ಪಂಪು

ಸಾಮಾನು ತಂದು ಭಾವ ಕೆಲಸಕ್ಕೆ ಕುಳಿತರು. ಪಂಪನ್ನು ಬಾವಿಯ ಒಳಗಿನ ಮೆಟ್ಟಿಲಿನಿಂದ ಎತ್ತಿ ಅಂಗಳಕ್ಕೆ ತಂದು ಬಿಚ್ಚಿದರು. ಕೈ ಚುರುಕಾಗಿಯೇ ಉಂಟು, ಅದನ್ನು ಇಲ್ಲ ಅನ್ನುವುದಿಲ್ಲ. ಆದರೆ ಇನ್ನೇನು ಜೋಡಿಸಬೇಕು ಎನ್ನುವಾಗ ಆಕಾಶ ನೋಡಿ ಸ್ಪ್ಯಾನರ್ ಕೆಳಗಿಟ್ಟರು.

"ಸೂರ್ಯ ಮುಳುಗಿದ. ಶನಿವಾರದ ಸಬ್ಬತ್ ಈಗಲೇ ಶುರು. ಇನ್ನು ನಾಳೆ ಸಂಜೆಯೇ."

ಟ್ಯಾಂಕಿನಲ್ಲಿ ಒಂದು ತೊಟ್ಟು ನೀರಿಲ್ಲ. ಧರ್ಮಶಿಕ್ಷಣದ ಟೀಚರ್ ಅಲ್ಲವಾ, ಕೂಡಲೇ ವಾಕ್ಯ ಹುಡುಕಿದೆ. "ಸಬ್ಬತ್ ದಿನ ಎತ್ತು ಬಾವಿಗೆ ಬಿದ್ರೆ ಮೇಲೆ ಎತ್ತುವುದಿಲ್ಲವಾ ಅಂತ ಯೇಸುವೇ ಕೇಳಿದ್ದಾರೆ ಭಾವ."

"ಇದು ಎತ್ತು ಅಲ್ಲ, ಪಂಪು."

"ಬಾವಿಯಿಂದಲೇ ಬಂದದ್ದಲ್ಲವಾ ಅಣ್ಣ?" ಎಂದರು ನನ್ನ ಗಂಡ.

"ಎತ್ತಿಗೆ ಜೀವ ಉಂಟು."

"ನಮಗೂ ಉಂಟು!" ಎಂದು ನಾನು ಕೂಗಿದೆ.

ಉಪಯೋಗವಾಗಲಿಲ್ಲ. ಮರುದಿನ ಬೆಳಗಿನಿಂದ ನಾನೂ ಗಂಡನೂ ಹಗ್ಗ ಹಾಕಿ ನೀರು ಸೇದಿದೆವು. ಅಂಗೈಯಲ್ಲಿ ಬೊಬ್ಬೆ ಬಂತು. ರಾತ್ರಿ ನಮ್ಮಲ್ಲೇ ಉಳಿದಿದ್ದ ಭಾವ ಜಗಲಿಯಲ್ಲಿ ಕುಳಿತು ಶಾಂತವಾಗಿ ಬೈಬಲ್ ಓದುತ್ತಿದ್ದರು. ಹತ್ತು ಗಂಟೆಯ ಹೊತ್ತಿಗೆ ಕನ್ನಡಕ ತೆಗೆದು ಕೇಳಿದರು:

"ಟೀಚರೇ, ಸ್ನಾನಕ್ಕೆ ಒಂದು ಬಕೆಟ್ ನೀರು ಸಿಗಬಹುದಾ?"

ಆ ದಿನದಿಂದ ನನ್ನ ಗಂಡ ಅಣ್ಣನ ಹತ್ತಿರ ಮಾತು ಬಿಟ್ಟರು.

ಪಕ್ಕದ ಮನೆಯವರ ಸಂಶಯ

ಮಾತು ಬಿಟ್ಟದ್ದು ಗಂಡ, ಓಡಾಟ ನನಗೆ. ಒಂದು ಆದಿತ್ಯವಾರ ಪೂಜೆ ಮುಗಿಸಿ, ಅತ್ತೆ ದೊಡ್ಡ ಮಗನಿಗೆ ಕಟ್ಟಿಕೊಟ್ಟ ಉಪ್ಪಿನಕಾಯಿ ಹಿಡಿದುಕೊಂಡು ಮೂಡಬಿದ್ರೆಗೆ ಹೋದೆ. ಗೇಟಿನ ಹತ್ತಿರ ಬರುವಾಗಲೇ ಹುಲ್ಲು ಕತ್ತರಿಸುವ ಮೆಷಿನಿನ ಗರ್ಜನೆ. ಭಾವ ಬೆವರು ಸುರಿಸಿಕೊಂಡು ಅಂಗಳ ಬೋಳಿಸುತ್ತಿದ್ದರು.

"ಆರು ದಿನ ಕೆಲಸ ಮಾಡಬೇಕು ಅಂತಲೂ ಆಜ್ಞೆಯಲ್ಲಿ ಉಂಟು ಟೀಚರೇ! ನೀವು ಅರ್ಧ ಮಾತ್ರ ಓದ್ತೀರಿ!" ಎಂದು ಮೆಷಿನಿನ ಸದ್ದನ್ನೂ ಮೀರಿ ಕಿರುಚಿದರು.

ಪಕ್ಕದ ಮನೆ ಒಬ್ಬ ಹಿರಿಯ ಜೈನರದ್ದು. ಬಹಳ ಸಾಧು. ಅವರು ಕಂಪೌಂಡಿನ ಹತ್ತಿರ ಬಂದು ನನ್ನನ್ನು ಮೆಲ್ಲ ಕರೆದರು. "ನೀವು ಬೈಬಲ್ ಕಲಿಸುವವರಂತೆ?"

"ಹೌದು."

"ಶನಿವಾರ ನಿಮ್ಮ ಭಾವ ಏನೂ ಮಾಡುವುದಿಲ್ಲ, ಬಹಳ ಶಾಂತಿ. ನಾನು ಮಧ್ಯಾಹ್ನ ಚೆನ್ನಾಗಿ ಮಲಗ್ತೇನೆ. ಆದಿತ್ಯವಾರವೂ ಕೆಲಸ ಮಾಡಬಾರದು ಅಂತ ಎಲ್ಲಿಯಾದ್ರೂ ಉಂಟಾ? ಇದ್ರೆ ದಯವಿಟ್ಟು ಬೇಗ ಹುಡುಕಿ ಅವರಿಗೆ ತೋರಿಸಿ."

ಫಾದರ್ ಕೊಟ್ಟ ವಾಕ್ಯ

ಇನ್ನು ತಡೆಯಲು ಆಗುವುದಿಲ್ಲ ಅಂತ ನಮ್ಮ ಇಗರ್ಜಿಯ ಫಾದರ್ ಹತ್ತಿರ ಹೋದೆ. "ಫಾದರ್, ಆದಿತ್ಯವಾರವೇ ಸರಿ ಅಂತ ಒಂದು ಗಟ್ಟಿ ವಾಕ್ಯ ಕೊಡಿ. ಭಾವ ಮತ್ತೆ ಬಾಯಿ ತೆರೆಯಬಾರದು."

ಫಾದರ್ ಗಡ್ಡ ತುರಿಸಿಕೊಂಡರು. "ಶನಿವಾರ ಬಿಟ್ಟು ಆದಿತ್ಯವಾರ ಮಾಡಿ ಅಂತ ನೇರವಾಗಿ ಬರೆದ ವಾಕ್ಯ ಇಲ್ಲ ಟೀಚರ್."

"ಇಲ್ಲವಾ?"

"ಯೇಸು ಎದ್ದದ್ದು ವಾರದ ಮೊದಲ ದಿನ. ಶಿಷ್ಯರು ಆ ದಿನ ಸೇರಿದ್ದು, ರೊಟ್ಟಿ ಮುರಿದದ್ದು ಉಂಟು. ಆದಿಸಭೆ ಅದನ್ನು ಹಿಡಿದುಕೊಂಡು ಬಂತು, ನಾವೂ ಬಂದೆವು. ನಮಗೆ ಅಷ್ಟು ಸಾಕು. ನಿಮ್ಮ ಭಾವನಿಗೆ ಸಾಲದು. ಆದ್ರೆ ಬೈಬಲಿನಲ್ಲಿ ಸಂತ ಪೌಲರು ರೋಮಿನವರಿಗೆ ಬರೆದದ್ದನ್ನು ಓದಿ. ಒಬ್ಬನಿಗೆ ಒಂದು ದಿನ ಹೆಚ್ಚು, ಇನ್ನೊಬ್ಬನಿಗೆ ಎಲ್ಲ ದಿನವೂ ಒಂದೇ. ಅದಕ್ಕಾಗಿ ನಿಮ್ಮ ಸಹೋದರನಿಗೆ ತೀರ್ಪು ಕೊಡಬೇಡಿ ಅಂತ ಅದರ ಅರ್ಥ."

ನನಗೆ ಅಳು ಬಂದ ಹಾಗೆ ಆಯಿತು. "ಭಾವನಿಗೆ ಹೊಡೆಯಲು ವಾಕ್ಯ ಕೇಳಿದ್ರೆ, ನನಗೇ ಹೊಡೆಯುವ ವಾಕ್ಯ ಕೊಟ್ಟಿರಲ್ಲ ಫಾದರ್!"

ಅತ್ತೆಯ ತೀರ್ಪು

ಅತ್ತೆಯ ಹುಟ್ಟಿದ ಹಬ್ಬ ಬಂತು. "ಇಬ್ಬರು ಮಕ್ಕಳೂ ಒಂದೇ ಮೇಜಿನಲ್ಲಿ ಕೂರದಿದ್ರೆ ನಾನು ಊಟ ಮಾಡುವುದಿಲ್ಲ" ಎಂದು ಹಟ ಹಿಡಿದರು. ಶನಿವಾರವೂ ಬೇಡ, ಆದಿತ್ಯವಾರವೂ ಬೇಡ ಅಂತ ನಡುವಾರದ ಒಂದು ಸರ್ಕಾರಿ ರಜೆ ನೋಡಿ ಊಟ ಇಟ್ಟೆವು. ಭಾವ ಬಂದರು. ಗಂಡ ಗೋಡೆ ನೋಡಿಕೊಂಡು ಕುಳಿತರು. ಸಣ್ಣ ಎನ್ನುವ ನಮ್ಮ ಇಡ್ಲಿಗಳು ಹಬೆಯಾಡುತ್ತಿದ್ದವು. ಪ್ರಾರ್ಥನೆ ಹೇಳಿ ಬಡಿಸಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಿ ಕೇಳಬೇಕಲ್ಲ!

"ಭಾವ, ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಉಂಟು. ವಾರದ ಮೊದಲ ದಿನ ರೊಟ್ಟಿ ಮುರಿಯಲು ಸೇರಿದ್ದರು. ಪೌಲರು ಮಾತಾಡಿದರು."

"ಅವರ ಲೆಕ್ಕದಲ್ಲಿ ದಿನ ಶುರುವಾಗುವುದು ಸಂಜೆಗೆ. ದೀಪ ಹಚ್ಚಿದ್ದರು ಅಂತ ಅಲ್ಲೇ ಉಂಟು. ಅಂದ್ರೆ ಅದು ಶನಿವಾರ ರಾತ್ರಿ."

"ಆದಿತ್ಯವಾರ!"

"ಶನಿವಾರ!"

ಗಂಡನೂ ಗೋಡೆ ಬಿಟ್ಟು "ಆದಿತ್ಯವಾರವೇ!" ಎಂದು ಮೇಜು ಕುಟ್ಟಿದರು. ಅಣ್ಣನ ಹತ್ತಿರ ಅಷ್ಟು ಕಾಲದ ನಂತರ ಆಡಿದ ಮೊದಲ ಮಾತು ಅದು. ಸಾರು ತಣ್ಣಗಾಗುತ್ತಿತ್ತು. ಅತ್ತೆ ಕೈಯೆತ್ತಿದರು.

"ಆಮೇಲೆ ಏನಾಯ್ತು, ಅದನ್ನು ಹೇಳಿ."

ನಾನು ಹೇಳಿದೆ: "ಪೌಲರು ಉಪದೇಶದ ಪ್ರಸಂಗ ನಿಲ್ಲಿಸಲಿಲ್ಲ. ಕಿಟಕಿಯಲ್ಲಿ ಕುಳಿತ ಒಬ್ಬ ಯುವಕ ನಿದ್ದೆ ಬಂದು ಮೂರನೆಯ ಮಾಳಿಗೆಯಿಂದ ಕೆಳಗೆ ಬಿದ್ದ. ಪೌಲರು ಇಳಿದು ಬಂದು ಅವನನ್ನು ಬದುಕಿಸಿದರು."

"ಪ್ರಸಂಗಕ್ಕೆ ನಿದ್ದೆ ಬಂತಾ?"

"ಬಂತು."

"ಹಾಗಾದ್ರೆ ಅದು ಆದಿತ್ಯವಾರವೇ. ಸಂಶಯವೇ ಬೇಡ" ಎಂದರು ಅತ್ತೆ. "ನಿಮ್ಮ ಅಪ್ಪ ಬದುಕಿದ್ದಷ್ಟು ಕಾಲ ಪ್ರಸಂಗ ಶುರುವಾದ ಕೂಡಲೇ ಮಲಗಿದವರು. ನಮ್ಮ ಇಗರ್ಜಿಗೆ ಮಾಳಿಗೆ ಇಲ್ಲದ್ದರಿಂದ ಉಳಿದರು."

ನನ್ನ ಗಂಡ ನಕ್ಕುಬಿಟ್ಟರು. ಭಾವ ನಗು ತಡೆಯಲು ನೋಡಿ, ಆಗದೆ, ತಾವೂ ನಕ್ಕರು. ಕಣ್ಣು ಒರೆಸಿಕೊಳ್ಳುತ್ತಾ ಹೇಳಿದರು: "ನಿಜ ಹೇಳುವುದಾದ್ರೆ, ನಮ್ಮಲ್ಲಿ ಶನಿವಾರವೂ ಮಲಗ್ತಾರೆ ಅಮ್ಮ."

ಅತ್ತೆಯ ಮುಖ ಅರಳಿತು. ಭಾವನ ಕೈ ಹಿಡಿದುಕೊಂಡು ದೊಡ್ಡದೊಂದು ಉಸಿರು ಬಿಟ್ಟರು.

"ಹಾಗಾದ್ರೆ ಅದೂ ಇಗರ್ಜಿಯೇ ಮಗಾ. ನಾನು ಸುಮ್ಮನೆ ಹೆದರಿದ್ದೆ."