ಸೀನಿದ್ರ ಗಾಡಿ ಹೋತು

ಚಳಿಗಾಲ ಬಂತಂದ್ರ ನಮ್ಮ ಕಡೆ ಮೊದಲ ನಡುಗೂದು ಮೈ ಅಲ್ಲ, ಬುದ್ಧಿ. ದೀಪಾವಳಿ ಪಟಾಕಿ ಸದ್ದು ನಿಂತು ಮುಂಜಾನೆ ಮಂಜು ಬೀಳಾಕ ಶುರು ಆತಂದ್ರ ಸಾಕು, ಹಳಿಯಾಳದಾಗ ಮೋಟರ್ ಸೈಕಲ್ ಹೊಡಿಯೋ ಮಂದಿ ಏನೇನೋ ಸುತ್ತಿಕೊಂಡು, ಮನಿ ನಾಯಿಗೂ ಗುರ್ತು ಸಿಗಲಾರದಂಗ ಹೊಂಡ್ತಾರ. ಇದು ವರ್ಷಾ ನಡಿಯೂದ. ಅವರನ್ನ ನೋಡಿ ನಗೋ ಹಕ್ಕು ನನಗೂ ಇತ್ತು. ಹೋದ ಚಳಿಗಾಲದಾಗ ಅದನ್ನ ಕಳ್ಕೊಂಡೆ.

ನಾನು ದನದ ದವಾಖಾನಿಯಾವ. ಡಾಕ್ಟರ್ ಅಲ್ಲ, ಡಾಕ್ಟರ್ ಕೈಕೆಳಗಿನಾವ. ಹಳ್ಳಿ ಮಂದಿ ಡಾಕ್ಟ್ರ ಅಂತಾರ, ದನಗಳೂ ಇಲ್ಲೀತನಕ ತಕರಾರು ಮಾಡಿಲ್ಲ. ಮನಿ ಹಳಿಯಾಳದಾಗ, ಕೆಲಸ ದಾಂಡೇಲಿ ದಾಟಿ ಜೋಯಿಡಾ ಕಡೆ ಹಳ್ಳಿಯೊಳಗ. ಬೆಳಕು ಹರಿಯೂದ್ರಾಗ ಕಾಳಿ ನದಿ ದಾಟಬೇಕಂದ್ರ ಮಂಜು ಹೆಲ್ಮೆಟ್ಟಿನೊಳಗ ಬಂದು ಕುಂದರ್ತೈತಿ. ಹೋದ ಚಳಿಗಾಲದ ಹಿಂದಿನ ವರ್ಷ ಹಂಗ ಕುಂತ ಮಂಜು ಎದಿಗಿಳಿದು, ನಾ ಸಂಕ್ರಾಂತಿ ತನಕ ಕೆಮ್ಮಿದ್ದೆ. ಕಷಾಯ ಕಾಸಿ ಕಾಸಿ ನನ್ನ ಹೆಂಡತಿ ಬ್ಯಾಸತ್ತು ಹೋಗಿದ್ಲು.

ಅದಕ್ಕ ಹೋದ ಸಲ ಚಳಿ ಶುರು ಆಗೂಕ್ಕಿಂತ ಮೊದಲ ತೀರ್ಪು ಕೊಟ್ಲು. "ಒಂದ ಒಂದು ಸೀನು ಸೀನ್ರಿ, ಗಾಡಿ ನನ್ನ ತಮ್ಮಗ ಕೊಟ್ಟುಬಿಡ್ತೇನಿ. ನೀವು ಬಸ್ಸಿಗೆ ಹೋಗ್ರಿ."

ಬಸ್ಸು ಆ ಹಳ್ಳಿ ಮುಟ್ಟೂದು ಊಟದ ಹೊತ್ತಿಗೆ. ಆಕಳು ಬೆದಿಗೆ ಬರೂದು ಬಸ್ಸಿನ ಟೈಮ್ ನೋಡಿ ಅಲ್ಲ. ಗಾಡಿ ಹೋತಂದ್ರ ನನ್ನ ಕೆಲಸ ಅಡ್ಡ ಬೀಳ್ತಿತ್ತು, ಇಷ್ಟು ವರ್ಷ ಗಳಿಸಿದ ಮರ್ಯಾದಿನೂ ಹೋಗ್ತಿತ್ತು. ಆಕಿ ತಮ್ಮ ಹಿಂದಿನ ಓಣ್ಯಾಗ ಇರ್ತಾನ. ಸುದ್ದಿ ಅವನ ಕಿವಿಗೆ ಬಿದ್ದದ್ದ ತಡ, ದಿನಾ ಮುಂಜಾನೆ ಬಂದು "ಮಾಮಾ, ಆರಾಮ ಅದೀರಿಲ್ಲೋ?" ಅಂತ ಮೊದಲ ನನ್ನ ಮೂಗು ನೋಡಾವ, ಆಮ್ಯಾಲ ಗಾಡಿ ನೋಡಾವ. ಇಷ್ಟು ಕಾಳಜಿ ಮಾಡೋ ಮೈದುನ ವೈರಿಗೂ ಬ್ಯಾಡ.

ಸ್ವೆಟರಿನ ಊರು

ಉಣ್ಣೆ ಸ್ವೆಟರ್ ಅಂದ್ರ ಮುಂಡಗೋಡ. ಅಲ್ಲಿ ಟಿಬೆಟಿಯನ್ನರ ಕ್ಯಾಂಪಿನ್ಯಾಗ ಸಿಗೋವಂಥಾದ್ದು ಎಲ್ಲೂ ಸಿಗಂಗಿಲ್ಲ ಅಂತ ಎಲ್ಲಾರೂ ಅಂದ್ರು. ಒಂದು ರವಿವಾರ ಗಾಡಿ ತಗೊಂಡು ಹೋದೆ. ಹೋಗೋ ಮುಂದ ಅತ್ತಿವೇರಿ ಕೆರಿ ಹತ್ರ ನಿಂತೆ. ಹಕ್ಕಿ ನೋಡಾಕ ಬಂದಾವೊಬ್ಬ ಹೇಳಿದ, ಈ ಹಕ್ಕಿಗಳು ಹಿಮ ಬೀಳೋ ದೇಶದಿಂದ ಬೆಚ್ಚಗ ಇರಾಕ ಇಲ್ಲಿಗೆ ಬರ್ತಾವಂತ. ಅವು ಇಲ್ಲಿ ಬೆಚ್ಚಗೈತಿ ಅಂತ ಬಂದಾವ, ನಾ ಇಲ್ಲಿ ಚಳಿ ಅಂತ ಸ್ವೆಟರ್ ಹುಡುಕಾಕತ್ತೀನಿ. ಸ್ವಲ್ಪ ನಾಚಿಕಿ ಆತು.

ಕ್ಯಾಂಪಿಗೆ ಹೋದ್ರ ಸ್ವೆಟರ್ ಅಂಗಡಿ ಕದಾ ಎಲ್ಲಾ ಹಾಕ್ಯಾವ. ಚಹಾದಂಗಡಿ ಮುಂದ ಒಬ್ಬ ಟಿಬೆಟಿಯನ್ ಮುದುಕಪ್ಪ ಅರ್ಧ ತೋಳಿನ ಅಂಗಿ ಹಾಕ್ಕೊಂಡು ಬಿಸಲಿಗೆ ಕುಂತಿದ್ದ.

"ಅಜ್ಜಾರ, ಸ್ವೆಟರ್ ಮಾರೋರು ಎಲ್ಲಿ ಹೋದ್ರು?"

"ಚಳಿಗಾಲ ಅಲ್ಲೇನಪಾ? ಸ್ವೆಟರ್ ಮಾರಾಕ ಹೋಗ್ಯಾರ."

"ಎಲ್ಲಿಗೆ?"

"ಒಬ್ಬೊಬ್ರು ಒಂದೊಂದು ಊರಿಗೆ. ನನ್ನ ಮಗಳು ಹುಬ್ಬಳ್ಳ್ಯಾಗ ಅದಾಳ."

"ಹಂಗಾರ ಇಲ್ಲಿ ಮಂದಿ ಸ್ವೆಟರ್ ಎಲ್ಲಿ ತಗೋತಾರ?"

ಅಜ್ಜ ನನ್ನ ಮಫ್ಲರ್, ಕೈಗವಸು, ಕಾಲುಚೀಲ ಎಲ್ಲಾ ಸಾವಕಾಶ ನೋಡಿದ. "ಇಲ್ಲಿ ಚಳಿ ಎಲ್ಲೈತಿ?" ಅಂದ.

ಮೈನಸ್ ಹತ್ತರ ಗ್ಯಾರಂಟಿ

ಕಡೀಕ ನನ್ನ ಹೆಂಡತಿನ ಹುಬ್ಬಳ್ಳಿಗೆ ಹೋಗಿ ಎರಡು ಸ್ವೆಟರ್ ತಂದ್ಲು. ಅಷ್ಟಕ್ಕ ಬಿಟ್ಟಿದ್ರ ಬದುಕ್ತಿದ್ದೆ. ಮೈದುನ ಬಿಡಬೇಕಲ್ಲ. "ಮಾಮಾ, ಉಣ್ಣೆಯೊಳಗ ಗಾಳಿ ಹಾಯ್ತೈತಿ. ಮ್ಯಾಲ ರೈಡಿಂಗ್ ಜಾಕೆಟ್ ಬೇಕ" ಅಂದ. ಹೆಂಗೂ ನಾಳೆ ಗಾಡಿ ಜೊತಿ ಜಾಕೆಟ್ಟೂ ತನಗ ಬರ್ತೈತಿ ಅನ್ನೋ ಲೆಕ್ಕ ಅವಂದು. ನನ್ನ ಅಳತಿ ಬಿಟ್ಟು ತನ್ನ ಅಳತಿ ಜಾಕೆಟ್ಟನ್ನ ಅಂಗಡ್ಯಾಗ ತೆಗೆಸಿ ಇಡಿಸಿದ್ದ.

ಅಂಗಡಿಯಾವ ಮಿಂಚೋ ಪಟ್ಟಿ ಇದ್ದ ಒಂದು ದಪ್ಪನ ಜಾಕೆಟ್ ನನಗ ತೊಡಿಸಿ, ಕನ್ನಡಿ ಮುಂದ ನಿಲ್ಲಿಸಿ, "ಹೀರೋ ಕಂಡಂಗ ಕಾಣ್ತೀರಿ" ಅಂದ. ಕನ್ನಡ್ಯಾಗ ನನಗ ಕಂಡಿದ್ದು ಕಟ್ಟಿಟ್ಟ ಹಾಸಿಗಿ. ನಿಂತಾಗ ಚಂದ ಇತ್ತು. ಗಾಡಿ ಮ್ಯಾಲ ಕುಂತಂಗ ಸ್ಟೂಲಿನ ಮ್ಯಾಲ ಕುಂತು ಕೈ ಮುಂದ ಚಾಚಿದೆ ನೋಡ್ರಿ, ತೋಳು ಮೊಣಕೈಗೆ ಏರಿತು, ಬೆನ್ನು ಸೊಂಟ ಬಿಟ್ಟು ಮ್ಯಾಲ ಹೋತು, ಕಾಲರ್ ಗಂಟಲಿಗೆ ಬಂದು ಕುಂತಿತು.

"ಕುಂತ್ರ ಹಿಂಗ ಆಗ್ತೈತಲ್ಲೋ ಮಾರಾಯಾ."

"ನಿಂತು ನೋಡ್ರಿ ಸಾಹೇಬ್ರ, ಎಷ್ಟು ಚಂದ ಐತಿ."

"ನಿಂತು ಗಾಡಿ ಹೊಡೀಲೇನು?"

ಅವ ಮಾತು ಹೊಳ್ಳಿಸಿದ. "ಮೈನಸ್ ಹತ್ತು ಡಿಗ್ರಿ ತನಕ ಗ್ಯಾರಂಟಿ ಐತಿ ಇದಕ್ಕ."

"ಹಳಿಯಾಳದಾಗ ಮೈನಸ್ ಯಾವಾಗ ಬಂದಿತ್ತು?"

"ಬಂದಿಲ್ರಿ. ಬಂದ್ರ ನಿಮ್ಮ ಹತ್ರ ಜಾಕೆಟ್ ಇರ್ತೈತಿ."

ನಾ ರೊಕ್ಕಾ ಎಣಿಸಿ ಕೊಟ್ಟು ತಗೊಂಡ ಬಂದೆ. ನನ್ನ ಅಳತೀದ ತಗೊಂಡೆ ಅನ್ನೋದೊಂದ ಸಮಾಧಾನ.

ಎದಿ ಮ್ಯಾಲಿನ ದಾಖಲೆ

ದಾಂಡೇಲ್ಯಾಗ ನಾ ಚಹಾಕ್ಕ ನಿಂದ್ರೋ ಕಡೆ ಕಾಗದ ಕಾರಖಾನಿಯಿಂದ ರಿಟೈರ್ ಆದ ಕಾಕಾ ಒಬ್ರು ಬರ್ತಾರ. ಕಾಗದ ಬಿಟ್ಟು ಜಗತ್ತಿನ್ಯಾಗ ಬ್ಯಾರೆ ಮದ್ದಿಲ್ಲ ಅನ್ನೋದು ಅವರ ನಂಬಿಗಿ. ನನ್ನ ಜಾಕೆಟ್ ಮುಟ್ಟಿ ನಕ್ಕರು. "ಇದೆಲ್ಲಾ ಶೋಕಿ. ಅಂಗಿ ಒಳಗ ಎದಿ ಮ್ಯಾಲ ಕಾಗದ ಇಟ್ಕೋ. ಗಾಳಿ ಅಪ್ಪನಾಣೆ ಹಾಯಂಗಿಲ್ಲ."

"ಹಳೇ ಪೇಪರ್ ಇಡ್ಲೇನ್ರಿ?"

ಕಾಕಾಗ ಸಿಟ್ಟು ಬಂತು. "ನ್ಯೂಸ್ ಪೇಪರಾ? ಅದು ಭಜಿ ಕಟ್ಟಾಕ. ಎದಿಗೆ ಖಾಕಿ ಬಣ್ಣದ ದಪ್ಪನ ಪ್ಯಾಕಿಂಗ್ ಕಾಗದ ಬೇಕು." ಮರುದಿನ ತಾವ ಆ ಕಾಗದ ಮಡಚಿ ತಂದು, ಎಲ್ಲಾರ ಮುಂದ ನನ್ನ ಅಂಗಿ ಗುಂಡಿ ಬಿಚ್ಚಿ ಒಳಗ ತುರುಕಿದರು.

ಖರೇ ಹೇಳ್ತೇನಿ, ಗಾಳಿ ನಿಂತಿತು. ಆದ್ರ ಅವತ್ತ ನಮ್ಮ ಇಲಾಖೆ ಮೀಟಿಂಗ್ ಇತ್ತು. ನಾ ಉಸಿರು ಎಳಕೊಂಡ್ರ ಚರ್, ಬಿಟ್ರ ಪರ್. ಹೊಸದಾಗಿ ಬಂದ ಸಾಹೇಬ್ರು ಲಸಿಕಿ ಹಾಕಿದ ದನದ ಅಂಕಿ ಕೇಳಾಕತ್ತಿದ್ರು, ಯಾರೂ ಬಾಯಿ ಬಿಡವಲ್ರು. ಆ ಮೌನದಾಗ ನನಗ ಗಾಬರಿ ಆಗಿ ಉಸಿರು ಇನ್ನೂ ಜೋರಾತು. ಸಾಹೇಬ್ರ ಮುಖ ಅರಳಿತು.

"ನೋಡ್ರಿ, ಇವ್ರೊಬ್ರಾದ್ರೂ ಕಾಗದ ತಿರುವಿ ಹುಡುಕಾಕತ್ತಾರ. ತಯಾರಿ ಅಂದ್ರ ಇದು. ತೆಗೀರಿ, ಎಲ್ಲಾರಿಗೂ ತೋರಸ್ರಿ."

"ಸಾಹೇಬ್ರ, ತೋರಸಾಕ ಬರಂಗಿಲ್ಲ. ಅಂಗಿ ಬಿಚ್ಚಬೇಕಾಗ್ತೈತಿ" ಅಂದೆ.

ಎಮ್ಮಿಗಿ ಗುರ್ತು

ಇಷ್ಟೆಲ್ಲಾ ಹಾಕ್ಕೊಂಡು ಡಿಸೆಂಬರದಾಗ ಒಂದು ಮುಂಜಾನೆ ಜೋಯಿಡಾ ಕಡೆ ಸಿದ್ದಿ ಮಂದಿ ಊರಿಗೆ ಹೋದೆ. ಒಬ್ಬ ಅಕ್ಕನ ಎಮ್ಮಿ ಈಯಾಕ ತಿಣಕಾಡಾಕತ್ತಿತ್ತು, ಕರ ಕಾಲು ಮಡಚಿ ಒಳಗ ಸಿಕ್ಕಿತ್ತು. ಆ ಮನಿಗೆ ಇದ್ದದ್ದು ಅದೊಂದ ಎಮ್ಮಿ. ಅಕ್ಕನ ಕಣ್ಣಾಗ ನೀರು ತುಂಬಿತ್ತು.

ನಾ ಹತ್ರ ಹೋದ್ರ ಎಮ್ಮಿ ಗೂಟ ಕೀಳೋಹಂಗ ಜಗ್ಗಿತು. ಎಷ್ಟು ವರ್ಷದ ಪರಿಚಯ, ಕರುವಿದ್ದಾಗಿಂದ ನಾನ ಸೂಜಿ ಚುಚ್ಚೀನಿ.

"ಡಾಕ್ಟ್ರ, ಅದಕ್ಕ ನೀವು ಯಾರಂತ ತಿಳೀವಲ್ದು. ಟೊಪಗಿ ತೆಗೀರಿ" ಅಂದ್ಲು ಅಕ್ಕ.

ಮಂಗ್ಯಾನ ಟೊಪಗಿ ತೆಗೆದೆ. ಎಮ್ಮಿ ಒದೀತು. ಮಿಂಚೋ ಪಟ್ಟಿ ಜಾಕೆಟ್ ತೆಗೆದೆ. ಒದೀತು. ಕಾಗದ ಚರಪರ ಅಂತು, ಅದನ್ನೂ ತೆಗೆದೆ. ಎರಡೂ ಸ್ವೆಟರ್ ತೆಗೆದೆ, ಅಂಗೀನೂ ತೆಗೆದೆ. ಓಣಿ ಮಂದಿ ಕೂಡಿದ್ರು. ಬರೇ ಬನೀನಿನ ಮ್ಯಾಲ ನಿಂತಾಗ ಎಮ್ಮಿ ನನ್ನ ಬಗಲು ಮೂಸಿ ನೋಡಿ, ದೊಡ್ಡ ಉಸಿರು ಬಿಟ್ಟು ಸುಮ್ಮನಾತು. ಕೈ ಹಾಕಿ ಕರದ ಕಾಲು ಸರಿ ಮಾಡಿ ಎಳೆದೆ. ಹೆಣ್ಣು ಕರ, ಜೀವಂತ ಬಂತು. ನನಗೂ ಕಣ್ಣು ಒದ್ದಿ ಆದವು, ಸುಳ್ಳು ಯಾಕ ಹೇಳ್ಲಿ.

ಕೈ ತೊಳಕೊಂಡು ತಿರುಗಿ ನೋಡಿದ್ರ ನನ್ನ ಜಾಕೆಟ್ ಇಲ್ಲ. ನಡುಗೋ ಕರಕ್ಕ ಅಕ್ಕ ಅದನ್ನ ಸುತ್ತಿ ಝಿಪ್ಪೂ ಏರಿಸಿಬಿಟ್ಟಿದ್ಲು. ಮುಂಗಾಲು ಎರಡೂ ತೋಳಿನೊಳಗ. ಕುಂತ್ರೂ ಎಲ್ಲೂ ಬಿಗಿ ಆಗಿರಲಿಲ್ಲ. ನನಗಿಂತ ಅದಕ್ಕ ಅಳತಿ ಬರೋಬ್ಬರಿ ಇತ್ತು.

ಕೌದಿ ಸವಾರಿ

ಸ್ವೆಟರ್ ಎಮ್ಮಿ ತುಳಿದು ಸಗಣಿ ಆಗಿದ್ವು. ಅಕ್ಕ ನನ್ನನ್ನ ಹಂಗ ಬಿಡಲಿಲ್ಲ. ತಾನ ಹೊಲಿದ ಕೌದಿ ತಂದು, ಹೆಗಲ ಮ್ಯಾಲಿಂದ ಸುತ್ತಿ, ತುದಿ ಗಾಡಿ ಚೈನಿಗೆ ಸಿಗಬಾರದಂತ ಎಮ್ಮಿ ಹಗ್ಗದಿಂದ ನಡಕ್ಕ ಕಟ್ಟಿದ್ಲು. ಹಳೇ ಸೀರಿ, ಹಳೇ ಅಂಗಿ, ಎಷ್ಟೋ ಬಣ್ಣದ ತುಂಡು. ಗಾಡಿ ಹೊಡದೆ. ಆಹಾ, ಚಳಿ ಅನ್ನೋದ ಗೊತ್ತಾಗಲಿಲ್ಲ.

ದಾಂಡೇಲಿ ಹತ್ರ ನದ್ಯಾಗ ದೋಣಿ ಆಡಾಕ ಬಂದ ಬೆಂಗಳೂರು ಹುಡುಗಿಯರು ಅಡ್ಡ ಬಂದು ನಿಲ್ಲಿಸಿದ್ರು. ಫೋಟೋ ತಕ್ಕೊಂಡ್ರು. "ಅಂಕಲ್, ಸೂಪರ್ ಆಗಿದೆ. ಯಾವ ಬ್ರ್ಯಾಂಡ್?"

"ಮನ್ಯಾಗ ಹೊಲದದ್ದರಿ."

"ಈ ಬೆಲ್ಟ್ ಇದರ ಜೊತೆಗೇ ಬರುತ್ತಾ?"

"ಇಲ್ರಿ, ಅದು ಎಮ್ಮಿ ಜೊತಿ ಬರ್ತೈತಿ."

ಡಾಕ್ಟರ್ ಹೇಳಿದ ಔಷಧ

ಕೌದ್ಯಾಗ ಬಂದ ನನಗ ಸೀನು ಬರಲಾರದ್ದು ನೋಡಿ ಹೆಂಡತಿಗೆ ಹುರುಪು ಬಂತು. ತೊಳೆದ ಎರಡು ಸ್ವೆಟರ್, ನಡುವ ಕಾಗದ, ಮ್ಯಾಲ ಕೌದಿ, ದಿನಾ ಇಷ್ಟೂ ಕಡ್ಡಾಯ ಮಾಡಿದ್ಲು. ನಾ ಹೇಳಿದ್ದೆಲ್ಲಾ ಹಾಕ್ಕೊಂಡೆ. ಗಾಡಿ ಉಳೀಬೇಕಿತ್ತು.

ಒಂದಿನ ಬೆನ್ನು ತಿಕ್ಕೋ ಮುಂದ ಆಕಿ ಕೂಗಿದ್ಲು. ಬೆನ್ನು, ಎದಿ, ಬಗಲು ತುಂಬ ಕೆಂಪು ಗುಳ್ಳಿ ಎದ್ದಿದ್ವು. "ಸೀನ ಆಗ್ಲಿ, ಗುಳ್ಳಿ ಆಗ್ಲಿ, ರೋಗ ರೋಗನ" ಅಂತ ಹೇಳಿ ಚಾವಿ ತಗೊಂಡು ತಮ್ಮನ ಕೈಯಾಗ ಇಟ್ಲು. ನಾವಿಬ್ರೂ ದವಾಖಾನಿಗೆ ನಡಕೊಂಡು ಹೋದ್ವಿ. ಮೈದುನ ನನ್ನ ಗಾಡಿ ಮ್ಯಾಲ ನಮ್ಮ ಹಿಂದ ಸಾವಕಾಶ ಬಂದ, ದಾರ್ಯಾಗ ಬೇಕಿಲ್ಲದ ಕಡೆ ಹಾರ್ನ್ ಹೊಡಕೋತ.

ಡಾಕ್ಟ್ರು ಬೆನ್ನು ನೋಡಿದ್ರು, ಚಷ್ಮಾ ಒರಿಸಿ ಮತ್ತೊಮ್ಮೆ ನೋಡಿದ್ರು. "ಇದು ಬೆವರಸಾಲಿ. ಸುಡು ಬ್ಯಾಸಗ್ಯಾಗ ಬರೂದು. ಡಿಸೆಂಬರದಾಗ ಹೆಂಗ ಬಂತು?"

ಹೆಂಡತಿ ಏನೇನು ಹಾಕಿ ಕಳಸ್ತಾಳ ಅನ್ನೋದನ್ನ ಅಭಿಮಾನದಿಂದ ಹೇಳಿದ್ಲು. ಡಾಕ್ಟ್ರು ಪೆನ್ನು ಕೆಳಗಿಟ್ರು. "ಇದಕ್ಕ ಗುಳಿಗಿ ಬ್ಯಾಡ. ಮುಂಜಾನೆ ತಂಪು ಗಾಳಿ ಮೈಗೆ ಚೊಲೋತ್ನಂಗ ಬಡೀಬೇಕು, ಅಷ್ಟ. ಮನ್ಯಾಗ ಮೋಟರ್ ಸೈಕಲ್ ಐತಿ ಏನು?"

ನಾ ತಿರುಗಿ, ಬಾಗಲದಾಗ ನಿಂತಿದ್ದ ಮೈದುನನ ಮುಂದ ಕೈ ಚಾಚಿದೆ. ಅವ ತನ್ನ ಅಕ್ಕನ ಮುಖ ನೋಡಿದ, ಡಾಕ್ಟ್ರ ಮುಖ ನೋಡಿದ, ಚಾವಿ ನನ್ನ ಅಂಗೈಯಾಗ ಇಟ್ಟ. ಅಷ್ಟು ಸುಖಾ ನನಗ ಮದುವಿ ದಿನಾನೂ ಆಗಿರಲಿಲ್ಲ.

ಹೆಂಡತಿ ಬಾಗಲ ತನಕ ಹೋದಾಕಿ ಏನೋ ನೆನಪಾಗಿ ಹೊಳ್ಳಿ ಬಂದ್ಲು. "ಡಾಕ್ಟ್ರ, ಗಾಳಿ ಬಡಿಸ್ತೇನ್ರಿ, ದಿನಾ ತಪ್ಪದ ಬಡಿಸ್ತೇನಿ. ಆದ್ರ ಆ ಗಾಳಿಗೆ ನೆಗಡಿ ಆಗಬಾರದಲ್ಲ, ಬಡಿಸೋ ಮುಂದ ಒಂದು ಸ್ವೆಟರ್ ಹಾಕ್ಲೇನ್ರಿ?"